ಕೀಲೆಣ್ಣೆಯೂ ಬಾರುಕೋಲೂ
ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗಿನ ಸೀಮೆ ಹಳ್ಳಿಕಾರ್ ಎತ್ತುಗಳ ನೆಲೆ. ಪಾಂಡವಪುರದ ಬೇಬಿಬೆಟ್ಟ, ಕೃಷ್ಣರಾಜಪೇಟೆಯ ಹೇಮಗಿರಿಗಳ ದನಗಳ ಜಾತ್ರೆಯಲ್ಲಿ ಕೊಂಬು, ಗೊರಸುಗಳನ್ನು ಅಳೆಯುವ ಕಣ್ಣುಗಳಿಗೆ ಬರವಿಲ್ಲ. ಗಾಡಿಯ ಓಟದಲ್ಲಿಯಾದರೋ ಅಚ್ಚನ್ನೂ ನೋಡಬೇಕು!

ಹೊರೆಗಾಡಿಗೆ ಗಟ್ಟಿತನ ಸಾಕು. ಓಟದ ಗಾಡಿಗೆ ಹಗುರತನವೂ ಬೇಕು. ಹಾಗೆಂದು ಮರವನ್ನು ಮಿತಿಮೀರಿ ಕೆತ್ತಿದರೆ ಚಕ್ರ ಮುರಿದೀತು. ಕೀಲೆಣ್ಣೆ ಒಣಗಿದ ಅಚ್ಚು, ವಾಲಿದ ನೊಗ, ಸವೆದ ಲಾಳ, ಇವುಗಳ ದಂಡವನ್ನು ತೆರುವುದು ಮೂಕ ಎತ್ತು. ಅದು ತಡವರಿಸಿದರೆ ಬೀಳುವುದು ಬಾರುಕೋಲಿನ ಏಟು.

ಇಂಥ ಹಿಂಸೆಯ ಕಾರಣದಿಂದಲೇ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿನಗಾಡಿಯ ಓಟಗಳನ್ನು ನಿಷೇಧಿಸಿತು. ಕಂಬಳದೊಡನೆ ಈ ಓಟಕ್ಕೂ ಅವಕಾಶವಿತ್ತ ಕರ್ನಾಟಕದ 2017ರ ಶಾಸನವನ್ನು 2023ರ ಮೇ 18ರಂದು ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ಬಲ್ಲ ಗಾಡಿಯವನು ಬಾರುಕೋಲನ್ನು ಹುಡುಕುವುದಿಲ್ಲ. ಮುನ್ನಾದಿನವೇ ಚಕ್ರವನ್ನೆತ್ತಿ ಕೈಯಿಂದ ತಿರುಗಿಸಿ, ಅದು ಸದ್ದಿಲ್ಲದೆ ಎಷ್ಟು ಹೊತ್ತು ಸುತ್ತುವುದೆಂದು ಕಿವಿಗೊಟ್ಟು ಕೂರುತ್ತಾನೆ.