ಗಾಜಿನ ತೊಟ್ಟಿಗೆ ಮುಂಗಾರು ತರುವುದು ಹೇಗೆ?

1920ರಲ್ಲಿ ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಮೈಸೂರು ಸೀಮೆಯ ಹೊಸ ಮೀನುಗಳನ್ನು ವಿವರಿಸಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ತುಂಗಾ ನದಿಯ ಒಂದು ಪುಟ್ಟ ಮೀನೂ ಇತ್ತು. ಎಂಟು ಸೆಂಟಿಮೀಟರು ಮುಟ್ಟುವುದೇ ಹೆಚ್ಚು ಎನ್ನುವಂಥ ಮೈ, ಮೈತುಂಬ ಒತ್ತೊತ್ತಾಗಿ ಇಳಿದ ಕಪ್ಪು ಮತ್ತು ತಿಳಿಹಳದಿ ಪಟ್ಟೆಗಳು, ಬಾಯಿಯ ಸುತ್ತ ನೆಲ ತಡಕುವ ಮೀಸೆಗಳು. ಮುಂದೆ 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದ ರಾವ್ ಈ ಮೀನಿಗೆ ಕೊಟ್ಟ ಹೆಸರು ಬೋಟಿಯಾ ಸ್ಟ್ರಯಾಟಾ. ಇಂದು ಜಗತ್ತಿನ ಅಕ್ವೇರಿಯಂ ಅಂಗಡಿಗಳಲ್ಲಿ ಅದು ‘ಜೀಬ್ರಾ ಲೋಚ್’.

ಸಹ್ಯಾದ್ರಿಯ ನದಿಗಳನ್ನು ಬಿಟ್ಟರೆ ಈ ಮೀನು ಬೇರೆಲ್ಲೂ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದೆ. ಆದರೂ ಸಾಗಣೆ ನಿಂತಿರಲಿಲ್ಲ. 2005ರಿಂದ 2012ರವರೆಗೆ ಭಾರತದಿಂದ ಅಪಾಯದಲ್ಲಿರುವ 30 ಜಾತಿಗಳಿಗೆ ಸೇರಿದ ಕನಿಷ್ಠ 15 ಲಕ್ಷ ಸಿಹಿನೀರಿನ ಮೀನುಗಳು ಅಲಂಕಾರಕ್ಕಾಗಿ ರಫ್ತಾದವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಅವುಗಳಲ್ಲಿ ಅತಿ ಹೆಚ್ಚು ಹೋದ ಕೆಲವೇ ಜಾತಿಗಳಲ್ಲಿ ತುಂಗೆಯ ಈ ಪಟ್ಟೆಮೀನೂ ಒಂದು.

ಗಪ್ಪಿ, ಮೋಲಿ, ಫೈಟರ್ ಮೀನುಗಳು ಮನೆಮನೆಯಲ್ಲಿ ಮರಿ ಮಾಡುತ್ತವೆ. ಅವುಗಳಿಗಾಗಿ ಯಾರೂ ಹೊಳೆಗೆ ಬಲೆ ಹಾಕಬೇಕಿಲ್ಲ. ಲೋಚ್‌ಗಳ ಕಥೆ ಹಾಗಲ್ಲ. ಹತ್ತು ಹದಿನೈದು ವರ್ಷ ಮನೆಯ ತೊಟ್ಟಿಯಲ್ಲಿ ಆರೋಗ್ಯವಾಗಿದ್ದು, ಹೊಟ್ಟೆತುಂಬ ತಿಂದು, ಒಂದೇ ಒಂದು ಮೊಟ್ಟೆಯನ್ನೂ ಇಡದೆ ಸಾಯುವ ಲೋಚ್‌ಗಳೇ ಹೆಚ್ಚು. ಚೆನ್ನಾಗಿ ನೋಡಿಕೊಂಡರೂ ಅವು ಏಕೆ ಸಂತಾನಕ್ಕೆ ಮುಂದಾಗುವುದಿಲ್ಲ ಎಂಬುದು ಅಕ್ವೇರಿಯಂ ಲೋಕದ ಹಳೆಯ ಪ್ರಶ್ನೆ. ಉತ್ತರ ಇರುವುದು ಬಹುಪಾಲು ಮಳೆಯಲ್ಲಿ.

ಲೋಚ್‌ಗಳು ರೋಹು, ಕಾಟ್ಲಾಗಳ ದೂರದ ಬಂಧುಗಳು. 2012ರಲ್ಲಿ ಸ್ವಿಸ್ ಮೀನುತಜ್ಞ ಮಾರಿಸ್ ಕೊಟೆಲಾ ಜಗತ್ತಿನ ಲೋಚ್‌ಗಳ ಪಟ್ಟಿ ಮಾಡಿದಾಗ ಜಾತಿಗಳ ಸಂಖ್ಯೆ ಸಾವಿರ ದಾಟಿತು. ಕೆಸರಿನಲ್ಲಿ ಹುದುಗುವ ಹಾವಿನಂಥವು, ಜಲಪಾತದ ಬಂಡೆಗೆ ಕಚ್ಚಿಕೊಳ್ಳುವ ಚಪ್ಪಟೆ ಮೈಯವು, ದೊಡ್ಡ ನದಿಗಳಲ್ಲಿ ಗುಂಪಾಗಿ ತಿರುಗುವ ಬಣ್ಣಬಣ್ಣದವು ಎಲ್ಲವೂ ಇದರಲ್ಲಿ ಬರುತ್ತವೆ. ಆದ್ದರಿಂದ ‘ಲೋಚ್ ಮರಿ ಮಾಡಿಸುವ ವಿಧಾನ’ ಎಂಬ ಒಂದೇ ಸೂತ್ರ ಇರಲು ಸಾಧ್ಯವಿಲ್ಲ.

ಅತಿ ಕಠಿಣವಾದವು ಬೋಟಿಯಾ ಮತ್ತು ಅದರ ಹತ್ತಿರದ ನೆಂಟರು. ಈ ಬಳಗದ ಜನಪ್ರಿಯ ತಾರೆ ಕ್ಲೌನ್ ಲೋಚ್. ಕಿತ್ತಳೆ ಮೈ, ಮೂರು ದಪ್ಪ ಕಪ್ಪು ಪಟ್ಟೆ. ಡಚ್ ವೈದ್ಯ ಪೀಟರ್ ಬ್ಲೀಕರ್ 1852ರಲ್ಲಿ ಹೆಸರಿಟ್ಟ ಈ ಮೀನಿನ ತವರು ಸುಮಾತ್ರಾ ಮತ್ತು ಬೋರ್ನಿಯೋ. ಅಂಗಡಿಯಲ್ಲಿ ಬೆರಳುದ್ದ ಇರುವ ಮರಿ ಬೆಳೆದರೆ 30 ಸೆಂಟಿಮೀಟರ್ ಆಗುತ್ತದೆ, ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಮೊದಲ ತೊಡಕು ಇಲ್ಲೇ. ಅದು ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು, ಆ ಗಾತ್ರಕ್ಕೆ ಬೆಳೆಯಲು ಸಾಮಾನ್ಯ ಮನೆಯ ತೊಟ್ಟಿ ಸಾಲದು. ಒಂಟಿಯಾಗಿ ಅಥವಾ ಜೋಡಿಯಾಗಿ ಇಟ್ಟರೆ ಮೂಲೆ ಹಿಡಿದು ಕೂರುವ ಮೀನು ಇದು. ಐದಾರಾದರೂ ಒಟ್ಟಿಗಿರಬೇಕು. ಅಂದರೆ ಕೋಣೆಯ ಗೋಡೆಯುದ್ದದ ತೊಟ್ಟಿ, ಬಲವಾದ ಫಿಲ್ಟರ್ ಮತ್ತು ಹತ್ತು ವರ್ಷದ ತಾಳ್ಮೆ.

ಅಷ್ಟು ಮಾಡಿದರೂ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳುವುದು ಕಷ್ಟ. ಬೋಟಿಯಾ ಬಳಗದಲ್ಲಿ ಹೊರಗಿನಿಂದ ಗುರುತಿಸುವ ಖಚಿತ ಚಿಹ್ನೆ ಇಲ್ಲ. ಹೊಟ್ಟೆ ತುಸು ದುಂಡಗಿದ್ದರೆ ಹೆಣ್ಣಿರಬಹುದು, ಆದರೆ ಚೆನ್ನಾಗಿ ತಿಂದ ಗಂಡೂ ಹಾಗೇ ಕಾಣುತ್ತದೆ. ಹಿಡಿದು ಪರೀಕ್ಷಿಸೋಣವೆಂದರೆ ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳೊಂದಿದೆ. ಹೆದರಿದ ಕೂಡಲೇ ಅದನ್ನು ಬಿಚ್ಚಿ ನಿಲ್ಲಿಸುತ್ತದೆ, ಬಲೆಯ ನೂಲಿಗೆ ಸಿಕ್ಕಿಕೊಂಡು ಗಾಯ ಮಾಡಿಕೊಳ್ಳುತ್ತದೆ.

ಇವೆಲ್ಲ ಹೊರಗಿನ ತೊಡಕುಗಳು. ಒಳಗಿನದು ಇನ್ನೂ ಆಳದ್ದು.

ಮಲೆನಾಡಿನವರಿಗೆ ಹತ್ತುಮೀನು ಗೊತ್ತು. ಮೊದಲ ಮಳೆಗಳು ಬಿದ್ದು ಹೊಳೆ ಕೆಂಪಾಗಿ ಏರಿದಾಗ ಮೀನುಗಳು ನೀರಿಗೆ ಎದುರಾಗಿ ಹತ್ತಿ, ಹಳ್ಳ, ತೋಡು, ಗದ್ದೆಯ ಬದಿಗಳಿಗೆ ನುಗ್ಗಿ ಮೊಟ್ಟೆ ಇಡುತ್ತವೆ. ಸುಮಾತ್ರಾದ ಕ್ಲೌನ್ ಲೋಚ್ ಕೂಡ ಮಳೆಗಾಲ ಹಿಡಿದಾಗ ಹೀಗೇ ಹೊಳೆ ಹತ್ತುತ್ತದೆ, ಉಕ್ಕಿದ ನೀರು ಆವರಿಸಿದ ಜಾಗಗಳಲ್ಲಿ ಅದರ ಮರಿಗಳು ಬೆಳೆಯುತ್ತವೆ. ಆ ಹೊತ್ತಿಗೆ ನೀರಿನಲ್ಲಿ ಹಲವು ಸಂಗತಿ ಒಟ್ಟಿಗೆ ಬದಲಾಗಿರುತ್ತವೆ. ತಾಪ ಇಳಿದಿರುತ್ತದೆ, ಲವಣಾಂಶ ಕುಸಿದಿರುತ್ತದೆ, ಹರಿವು ಜೋರಾಗಿರುತ್ತದೆ, ಕೊಚ್ಚಿ ಬಂದ ಹುಳುಹುಪ್ಪಟೆಗಳ ಸುಗ್ಗಿ ಇರುತ್ತದೆ. ಹೀಗೆ ಕಾದು ಮೊಟ್ಟೆ ಇಡುವುದಕ್ಕೆ ಕಾರಣವಿದೆ: ಹೊಸದಾಗಿ ಮುಳುಗಿದ ನೆಲದಲ್ಲಿ ಮರಿಗೆ ಬೇಕಾದ ಸೂಕ್ಷ್ಮಜೀವಿಗಳು ಹೇರಳ, ಬೇಟೆಗಾರರು ಕಡಿಮೆ.

ಮನೆಯ ಅಕ್ವೇರಿಯಂ ಇದಕ್ಕೆ ನೇರ ವಿರುದ್ಧ. ಹೀಟರ್ ವರ್ಷವಿಡೀ ಒಂದೇ ತಾಪ ಕಾಯುತ್ತದೆ, ಪಂಪ್ ಒಂದೇ ವೇಗದಲ್ಲಿ ಓಡುತ್ತದೆ, ಬೆಳಿಗ್ಗೆ ಸಂಜೆ ಅದೇ ಆಹಾರ. ಒಳ್ಳೆಯ ಸಾಕಣೆ ಎಂದರೆ ಏರುಪೇರಿಲ್ಲದ ನೀರು ಎಂದೇ ಎಲ್ಲ ಪುಸ್ತಕಗಳೂ ಕಲಿಸುತ್ತವೆ. ಲೋಚ್ ಬದುಕಲು ಅದು ಸಾಕು. ಸಂತಾನಕ್ಕೆ ಬೇಕಾದದ್ದು ಆ ಏರುಪೇರೇ.

ಹೆಣ್ಣಿನ ಮೈಯಲ್ಲಿ ನಡೆಯುವುದನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಳ್ಳೆಯ ಆಹಾರ ಸಿಕ್ಕರೆ ತೊಟ್ಟಿಯಲ್ಲೂ ಮೊಟ್ಟೆಗಳು ತುಂಬಿಕೊಳ್ಳುತ್ತವೆ. ಆದರೆ ಕೊನೆಯ ಹೆಜ್ಜೆ, ಅಂದರೆ ಮೊಟ್ಟೆ ಪಕ್ವವಾಗಿ ಅಂಡಾಶಯದಿಂದ ಕಳಚಿಕೊಳ್ಳುವುದು, ಮಿದುಳಿನ ಅಪ್ಪಣೆಯಿಲ್ಲದೆ ಆಗದು. ಮಳೆಯ ಸುಳಿವುಗಳು ಮಿದುಳಿಗೆ ತಲುಪಿದಾಗ ಪಿಟ್ಯುಟರಿ ಗ್ರಂಥಿ ಒಮ್ಮೆಲೇ ಹಾರ್ಮೋನು ಸುರಿಸುತ್ತದೆ. ಸುಳಿವು ಬಾರದಿದ್ದರೆ ಡೋಪಮಿನ್ ಎಂಬ ರಾಸಾಯನಿಕ ಆ ಗ್ರಂಥಿಯನ್ನು ತಡೆಹಿಡಿದಿರುತ್ತದೆ. ಕಾದು ಕಾದು ಮೊಟ್ಟೆಗಳು ಮತ್ತೆ ಮೈಯಲ್ಲೇ ಕರಗಿಹೋಗುತ್ತವೆ.

ರೋಹು, ಕಾಟ್ಲಾಗಳೂ ಒಂದು ಕಾಲದಲ್ಲಿ ಕೆರೆಯಲ್ಲಿ ಹೀಗೇ ಸುಮ್ಮನಿರುತ್ತಿದ್ದವು. ಅವುಗಳ ಮರಿಗಾಗಿ ನದಿಯನ್ನೇ ನಂಬಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರ ಪ್ರಯತ್ನ ಫಲಿಸಿ, ಪಿಟ್ಯುಟರಿ ಸಾರವನ್ನು ಚುಚ್ಚಿದ ಗೆಂಡೆ ಮೀನುಗಳು ಮೊಟ್ಟೆ ಇಟ್ಟವು. ಆ ದಿನವನ್ನು ದೇಶ ಇಂದಿಗೂ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಈಗ ಬಳಸುವ ಚುಚ್ಚುಮದ್ದುಗಳಲ್ಲಿ ಎರಡು ಅಂಶ ಜೊತೆಗಿರುತ್ತವೆ. ಒಂದು ಮಿದುಳಿನ ಅಪ್ಪಣೆಯನ್ನು ಅನುಕರಿಸುವ ಕೃತಕ ಹಾರ್ಮೋನು. ಇನ್ನೊಂದು ಡೋಪಮಿನ್‌ನ ಹಿಡಿತ ಸಡಿಲಿಸುವ ಡೊಂಪೆರಿಡೋನ್, ಮನುಷ್ಯರಿಗೆ ವಾಂತಿ ನಿಲ್ಲಲು ವೈದ್ಯರು ಬರೆದುಕೊಡುವ ಅದೇ ಔಷಧ.

ಲೋಚ್‌ಗಳಿಗೂ ಈ ದಾರಿ ಹೊಸದಲ್ಲ. ಮಾಸ್ಕೋದ ಜೀವವಿಜ್ಞಾನಿಗಳು ಯುರೋಪಿನ ಕೆಸರು ಲೋಚ್‌ಗೆ ಹಾರ್ಮೋನು ಚುಚ್ಚಿ ಪ್ರಯೋಗಾಲಯಕ್ಕೆ ಬೇಕಾದ ಮೊಟ್ಟೆ ಪಡೆಯುತ್ತಿದ್ದರು. 1964ರಲ್ಲಿ ಅಲೆಕ್ಸಾಂಡರ್ ಸ್ಪಿರಿನ್ ತಂಡ ಜೀವಕೋಶದಲ್ಲಿ ಆರ್‌ಎನ್‌ಎ ಹೊತ್ತೊಯ್ಯುವ ಕಣಗಳನ್ನು ಕಂಡುಹಿಡಿದದ್ದು ಇದೇ ಲೋಚ್‌ನ ಭ್ರೂಣಗಳಲ್ಲಿ. ಇಂಡೊನೇಷ್ಯಾದಲ್ಲಿ ಫ್ರೆಂಚ್ ಮತ್ತು ಸ್ಥಳೀಯ ವಿಜ್ಞಾನಿಗಳು ಜೊತೆಗೂಡಿ ಕ್ಲೌನ್ ಲೋಚ್ ಅನ್ನೂ ಹಾರ್ಮೋನಿನ ನೆರವಿನಿಂದ ಮರಿ ಮಾಡಿಸಿದ್ದಾರೆ.

ಆದರೆ ಸಿರಿಂಜ್ ಮನೆಯವರ ಸಾಧನವಲ್ಲ. ಮೀನಿನ ತೂಕಕ್ಕೆ ತಕ್ಕ ಪ್ರಮಾಣ ಅಳೆಯಬೇಕು, ಅದಕ್ಕೆ ಅರಿವಳಿಕೆ ಕೊಡಬೇಕು, ಮೊಟ್ಟೆ ಪಕ್ವವಾದ ಗಳಿಗೆ ನೋಡಿ ಹೊಟ್ಟೆ ಒತ್ತಿ ಹೊರತೆಗೆಯಬೇಕು. ಒಂದೆರಡು ಗಂಟೆ ತಪ್ಪಿದರೂ ಮೊಟ್ಟೆ ಹಾಳು, ಕೈ ತಪ್ಪಿದರೆ ಮೀನೇ ಹೋಗುತ್ತದೆ. ಕೃತಕವಾಗಿ ಬೆರೆಸಿದಾಗ ಬೇರೆ ಬೇರೆ ಜಾತಿಗಳ ಮಿಶ್ರತಳಿಯೂ ಹುಟ್ಟಬಹುದು, ಅಂಥವು ಮಾರುಕಟ್ಟೆಗೆ ಬಂದಿವೆ. ಅವು ಅಸಲಿ ಜಾತಿಯ ಹೆಸರಿನಲ್ಲೇ ಮಾರಾಟವಾದರೆ ತಳಿ ಉಳಿಸುವ ಉದ್ದೇಶವೇ ಕೆಡುತ್ತದೆ.

ಹಾಗಾಗಿ ಮನೆಯಲ್ಲಿ ಸಾಕುವವರು ಮಳೆಯನ್ನೇ ನಟಿಸಲು ಹೊರಡುತ್ತಾರೆ. ಕೆಲವು ವಾರ ನೀರು ಬದಲಿಸುವುದನ್ನು ಕಡಿಮೆ ಮಾಡಿ, ಮಟ್ಟ ಇಳಿಸಿ, ತಾಪ ತುಸು ಏರಿಸಿ ‘ಬೇಸಿಗೆ’ ತರುತ್ತಾರೆ. ಆಮೇಲೆ ಎರಡು ಮೂರು ಡಿಗ್ರಿ ತಂಪಾದ ಮೃದು ನೀರನ್ನು ದಿನವೂ ಸುರಿದು, ಪಂಪಿನ ವೇಗ ಹೆಚ್ಚಿಸಿ, ಜೀವಂತ ಹುಳು ಉಣಿಸುತ್ತಾರೆ. ಬೋರ್‌ವೆಲ್‌ನ ಗಡಸು ನೀರನ್ನೇ ನಂಬಿದ ಬೆಂಗಳೂರಿನ ಮನೆಗಳಲ್ಲಿ ಇದಕ್ಕೆ ಆರ್‌ಓ ನೀರೋ, ಶುದ್ಧವಾಗಿ ಹಿಡಿದ ಮಳೆನೀರೋ ಬೇಕು. ನಟನೆಯ ಬೇಸಿಗೆಯಲ್ಲೇ ಅಪಾಯವಿದೆ: ನೀರು ಬದಲಿಸದೆ ಅಮೋನಿಯಾ, ನೈಟ್ರೇಟ್ ಏರಿದರೆ ಮಳೆ ಬರುವ ಮೊದಲೇ ಮೀನು ಕಾಯಿಲೆ ಬೀಳುತ್ತದೆ. ಲೋಚ್‌ಗಳ ಹುರುಪೆಗಳು ಬಲು ಸಣ್ಣವು, ಕೆಲವಕ್ಕೆ ಅವೂ ಇಲ್ಲ. ಬಿಳಿಚುಕ್ಕೆ ರೋಗ ಅವನ್ನು ಬೇಗ ಹಿಡಿಯುತ್ತದೆ, ಔಷಧಿಯನ್ನೂ ಅವು ಹೆಚ್ಚು ತಾಳವು.

ಬೋಟಿಯಾಗಳು ಈ ನಟನೆಗೆ ಒಲಿಯುವುದು ಅಪರೂಪ. ಬೇರೆ ಕೆಲವು ಲೋಚ್‌ಗಳು ಒಲಿದಿವೆ, ಅದರಲ್ಲೂ ಬಂಡೆಗೆ ಅಂಟುವ ಚಪ್ಪಟೆ ಲೋಚ್‌ಗಳ ಯಶಸ್ಸು ಬಿಡಿಸಿ ಹೇಳಬೇಕಾದದ್ದು. ವಿಯೆಟ್ನಾಮಿನ ಸೆವೆಲಿಯಾ ಲೀನಿಯೊಲಾಟಾ, ದಕ್ಷಿಣ ಚೀನಾ ಮತ್ತು ಹಾಂಗ್‌ಕಾಂಗ್ ತೊರೆಗಳ ಸೂಡೊಗ್ಯಾಸ್ಟ್ರೊಮೈಜಾನ್ ಇವು ಮನೆಗಳಲ್ಲಿ ಮತ್ತೆ ಮತ್ತೆ ಮರಿ ಮಾಡಿವೆ. ಇವುಗಳಿಗೆ ದೂರದ ವಲಸೆ ಬೇಕಿಲ್ಲ. ಬೇಕಾದದ್ದು ಹರಿವು, ಅದನ್ನು ತೊಟ್ಟಿಯಲ್ಲಿ ಕಟ್ಟಬಹುದು. ಉದ್ದನೆಯ ತೊಟ್ಟಿಯ ಒಂದು ಕೊನೆಯಲ್ಲಿ ಪಂಪ್‌ಗಳು, ಇನ್ನೊಂದು ಕೊನೆಯಲ್ಲಿ ಸ್ಪಂಜು ಸುತ್ತಿದ ಹೀರುಬಾಯಿ, ಎರಡನ್ನೂ ಜೋಡಿಸಿ ಜಲ್ಲಿಯಡಿ ಹಾಯುವ ಕೊಳವೆ. ನೀರು ಒಂದೇ ದಿಕ್ಕಿಗೆ ಹೊಳೆಯಂತೆ ಓಡುತ್ತದೆ.

ಸೆವೆಲಿಯಾದಲ್ಲಿ ಗಂಡು ಹೆಣ್ಣು ಗುರುತಿಸುವುದೂ ಸುಲಭ. ಮೇಲಿನಿಂದ ನೋಡಿದರೆ ಗಂಡಿನ ಮೂತಿ ಮುಗಿದು ರೆಕ್ಕೆ ಶುರುವಾಗುವಲ್ಲಿ ಹೆಗಲಿನಂಥ ಮೂಲೆ ಕಾಣುತ್ತದೆ, ಹೆಣ್ಣಿನಲ್ಲಿ ಆ ರೇಖೆ ನಯವಾಗಿ ಸಾಗುತ್ತದೆ. ಗಂಡು ಹೆಣ್ಣಿನ ಸುತ್ತ ಸುತ್ತಿ, ಎರಡೂ ಜಲ್ಲಿಯ ನಡುವೆ ಸೇರಿ ಮೊಟ್ಟೆ ಬಿಡುತ್ತವೆ. ಕಲ್ಲುಗಳ ಸಂದಿಯಲ್ಲಿ ಬಿದ್ದ ಮೊಟ್ಟೆಗಳು ಉಳಿದ ಮೀನುಗಳ ಬಾಯಿಗೆ ಸಿಗುವುದಿಲ್ಲ. ಸಾಕಿದವರಿಗೆ ಸುದ್ದಿ ತಿಳಿಯುವುದು ವಾರಗಳ ನಂತರ, ಗಾಜಿನ ಮೇಲೆ ಉಗುರಿಗಿಂತ ಸಣ್ಣ ಮರಿಯೊಂದು ಅಂಟಿಕೊಂಡಾಗ.

ಇಲ್ಲಿ ಸೋಲು ಬರುವುದು ಹೆಚ್ಚಾಗಿ ಉಸಿರಿನ ಲೆಕ್ಕದಲ್ಲಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಅದು 7.5ರ ಆಸುಪಾಸಿಗೆ ಇಳಿಯುತ್ತದೆ. ತೊರೆಯ ಮೀನಿಗೆ ಈ ಅಂತರ ದೊಡ್ಡದು. ಇನ್ನೊಂದು ಸೋಲು ಅತಿ ಶುಚಿಯದು. ಕಲ್ಲಿನ ಮೇಲಿನ ಪಾಚಿ, ಅದರಲ್ಲಿ ಬದುಕುವ ಕಣ್ಣಿಗೆ ಕಾಣದ ಜೀವಿಗಳು, ಇವೇ ಮರಿಯ ಅನ್ನ. ವಾರವಾರ ಉಜ್ಜಿ ತೊಳೆದ ತೊಟ್ಟಿಯಲ್ಲಿ ಮೊಟ್ಟೆ ಒಡೆದರೂ ಮರಿ ಹಸಿವಿನಿಂದ ಸಾಯುತ್ತದೆ. ಪಂಪಿನ ಬಾಯಿಗೆ ಸ್ಪಂಜು ಇಲ್ಲದಿದ್ದರೆ ಅಷ್ಟೂ ಉಳಿಯದು.

ಹಾವಿನಂತೆ ತೆವಳುವ ಕೂಲಿ ಲೋಚ್ ಇನ್ನೊಂದು ಬಗೆ. ಮೊಟ್ಟೆ ಕಟ್ಟಿದ ಹೆಣ್ಣಿನ ಹೊಟ್ಟೆಯಲ್ಲಿ ಹಸಿರು ಛಾಯೆ ಚರ್ಮದ ಹೊರಗೇ ಕಾಣುತ್ತದೆ, ಮೊಟ್ಟೆಗಳೂ ಹಸಿರೇ. ನೀರಿನ ಮೇಲ್ಭಾಗಕ್ಕೆ ಏರಿ, ತೇಲುವ ಗಿಡಗಳ ಬೇರಿನ ನಡುವೆ ಅವನ್ನು ಬಿಡುತ್ತದೆ. ಇದರ ಮರಿಗಳು ಎಷ್ಟೋ ಸಲ ಫಿಲ್ಟರ್ ತೊಳೆಯುವಾಗ ಅದರೊಳಗಿನ ಕೆಸರಿನಲ್ಲಿ ಸಿಕ್ಕಿವೆ, ತಾಯ್ತಂದೆಯರ ಬಾಯಿಂದ ತಪ್ಪಿಸಿಕೊಂಡು, ಅಲ್ಲಿನ ಸೂಕ್ಷ್ಮಜೀವಿಗಳನ್ನು ತಿಂದು ಬದುಕಿದವು. ಅಂಗಡಿಯಲ್ಲಿ ‘ಕೂಲಿ’ ಎಂದು ಒಂದೇ ಬುಟ್ಟಿಯಲ್ಲಿ ಬರುವ ಮೀನುಗಳು ಹಲವು ಜಾತಿಯವಾಗಿರಬಹುದು ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಹತ್ತು ಮೀನು ತಂದರೂ ಅದರಲ್ಲಿ ಒಂದೇ ಜಾತಿಯ ಜೋಡಿ ಇಲ್ಲದೆ ಹೋಗಬಹುದು.

ಸುಲಭವಾಗಿ ಮರಿ ಮಾಡುವ ಲೋಚ್ ಒಂದಿದೆ, ಪೂರ್ವ ಏಷ್ಯಾದ ಡೋಜೊ. ಅದರ ಸುಲಭತನವೇ ತೊಂದರೆಯಾಯಿತು. ಆಸ್ಟ್ರೇಲಿಯಾಕ್ಕೆ ಅಕ್ವೇರಿಯಂ ಮೀನಾಗಿ ಬಂದ ಅದು 1980ರ ದಶಕದಲ್ಲಿ ಹೊಳೆಗಳಲ್ಲಿ ನೆಲೆಯೂರಿದ್ದು ಕಂಡುಬಂತು, ಆಮದನ್ನು ನಿಷೇಧಿಸಬೇಕಾಯಿತು. ಮನೆಯಲ್ಲಿ ಹುಟ್ಟಿದ ಮರಿಗಳನ್ನು, ಎಷ್ಟೇ ಹೆಚ್ಚಾದರೂ, ಕೆರೆಗೋ ಹೊಳೆಗೋ ಬಿಡಲೇಬಾರದು.

ಕರ್ನಾಟಕದ ತೊರೆಗಳಲ್ಲಿ ಇನ್ನೂ ಎಷ್ಟೋ ಲೋಚ್‌ಗಳಿವೆ. 2006ರಲ್ಲಷ್ಟೇ ಶರಾವತಿ ಕಣಿವೆಯ ಎರಡು ಹೊಸ ಜಾತಿಗಳನ್ನು ವಿಜ್ಞಾನಿಗಳು ವಿವರಿಸಿದರು: ಶಿಸ್ಟುರಾ ಶರಾವತಿಯೆನ್ಸಿಸ್ ಮತ್ತು ಶಿಸ್ಟುರಾ ನಾಗೋಡಿಯೆನ್ಸಿಸ್. ಇಂಥ ಸಣ್ಣ ವ್ಯಾಪ್ತಿಯ ಮೀನನ್ನು ಹವ್ಯಾಸಕ್ಕೆಂದು ಹಿಡಿದು ತರುವುದು ಸರಿಯಲ್ಲ. ಆದರೆ ಈಗಾಗಲೇ ತೊಟ್ಟಿ ಸೇರಿರುವ ಜೀಬ್ರಾ ಲೋಚ್‌ಗಳನ್ನು ಎಂಟು ಹತ್ತರ ಗುಂಪಿನಲ್ಲಿ ಸಾಕಿ, ನೀರಿನ ತಾಪ, ಲವಣಾಂಶ, ನಡವಳಿಕೆ ಬರೆದಿಡುವ ಹವ್ಯಾಸಿಯ ಟಿಪ್ಪಣಿಗೆ ನಿಜವಾದ ಬೆಲೆ ಇದೆ.

ಥಾಯ್ಲೆಂಡ್ ಒಂದು ದಾರಿ ತೋರಿಸಿದೆ. ಅಲ್ಲಿನ ಕುಬ್ಜ ಸರಪಳಿ ಲೋಚ್ ಕಾಡಿನ ನದಿಗಳಲ್ಲಿ ಬಹುತೇಕ ಕಾಣೆಯಾಗಿದ್ದರೂ ಸಾಕಣೆ ಕೇಂದ್ರಗಳಲ್ಲಿ ಹಾರ್ಮೋನಿನ ನೆರವಿನಿಂದ ಹುಟ್ಟಿದ ಮರಿಗಳು ಅಂಗಡಿಗಳನ್ನು ತುಂಬುತ್ತಿವೆ. ತುಂಗೆಯ ಪಟ್ಟೆಮೀನಿಗೆ ಬೇಕಾದ ವಿದ್ಯೆಯೂ ಹತ್ತಿರದಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಬಿ.ಆರ್. ಪ್ರಾಜೆಕ್ಟ್‌ನಲ್ಲಿ, ಭದ್ರಾ ಅಣೆಕಟ್ಟೆಯ ಮಗ್ಗುಲಲ್ಲಿ, ಮೀನುಮರಿ ಉತ್ಪಾದನಾ ಕೇಂದ್ರವಿದೆ. ಅಂಥ ಕೇಂದ್ರಗಳಲ್ಲಿ ಕಾಟ್ಲಾ, ರೋಹುಗಳಿಗೆ ಹಾರ್ಮೋನು ಚುಚ್ಚಿ ಮರಿ ಮಾಡಿಸುವುದು ಪ್ರತಿ ಮುಂಗಾರಿನ ವಾಡಿಕೆಯ ಕೆಲಸ. ಆ ನುರಿತ ಕೈಗಳಿಗೆ ಎಂಟು ಸೆಂಟಿಮೀಟರಿನ ಈ ಮೀನನ್ನು, ಯಾವ ಹೊಳೆಯದೆಂದು ದಾಖಲೆಯಿರುವ ತಾಯಿಮೀನುಗಳೊಂದಿಗೆ, ಒಪ್ಪಿಸುವ ಕೆಲಸವನ್ನು ಸರ್ಕಾರದ ಮೀನುಗಾರಿಕೆ ಇಲಾಖೆ ಕೈಗೆತ್ತಿಕೊಳ್ಳಬೇಕು.