ಈರುಳ್ಳಿಗೆಂದು ಕಟ್ಟಿದ ಮನೆಗೆ ಮಾವು ಬಂದುದು

ನಮ್ಮ ಸಂಘದ ಸದಸ್ಯರೊಬ್ಬರು ಈ ಮಹಾನಗರದಲ್ಲಿ ಕ್ರಿಮಿಕೀಟ ನಿವಾರಣೆಯ ಸಣ್ಣ ಉದ್ಯಮವೊಂದನ್ನು ನಡೆಸುತ್ತಾರೆ. ಎರಡು ವರ್ಷಗಳ ಹಿಂದೆ ನನ್ನ ಮೇಜಿನ ಎದುರು ಕುಳಿತು, "ರಾಯರೇ, ಯಂತ್ರಗಳಿವೆ, ಆಳುಗಳಿದ್ದಾರೆ, ನಿಮ್ಮ ಸಾಲವೂ ಇದೆ; ಗಿರಾಕಿಗಳು ಮಾತ್ರ ಇಲ್ಲ" ಎಂದರು. ಎರಡು ಕಂತುಗಳು ಬಾಕಿಯಾಗಿದ್ದವು. ತೊಂಬತ್ತು ದಿನ ಮೀರಿದರೆ ಖಾತೆಯನ್ನು ಅನುತ್ಪಾದಕವೆಂದು ವರ್ಗೀಕರಿಸುವುದು ನನಗೆ ಅನಿವಾರ್ಯವಾಗಿತ್ತು. ಆಗ ಅವರಿಗೆ ಲಾಸಲಗಾಂವ್‌ನ ವೃತ್ತಾಂತವನ್ನು ಹೇಳಿದೆ. ವಾಚಕರಿಗೂ ಅದು ಪ್ರಯೋಜನಕರವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಲಾಸಲಗಾಂವ್ ಈರುಳ್ಳಿಯ ಪೇಟೆಯೆಂದು ಸುಪ್ರಸಿದ್ಧ. ಹುಬ್ಬಳ್ಳಿ, ಯಶವಂತಪುರಗಳ ವರ್ತಕರೂ ಅಲ್ಲಿನ ಧಾರಣೆಯತ್ತ ಕಣ್ಣಿಟ್ಟಿರುತ್ತಾರೆ. ಬ್ಯಾಂಕಿನ ಕೆಲಸದ ನಿಮಿತ್ತ ಹೋಗಿದ್ದಾಗ ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳ ಸಾಲನ್ನು ದಾಟಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಆ ಊರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 2002ರಲ್ಲಿ 'ಕೃಷಕ್' ಎಂಬ ಘಟಕವನ್ನು ಆರಂಭಿಸಿತು. ಕೋಬಾಲ್ಟ್-60ರ ಗಾಮಾ ಕಿರಣಗಳಿಗೆ ಒಡ್ಡಿ, ಈರುಳ್ಳಿ ಮೊಳೆಯದಂತೆ ಮಾಡುವುದೇ ಅದರ ಮೂಲೋದ್ದೇಶ. ವ್ಯವಹಾರದ ದೃಷ್ಟಿಯಿಂದ ಇದು ಹಿಟ್ಟಿನ ಗಿರಣಿಯಂತೆಯೇ: ಸರಕು ಗಿರಾಕಿಯದು, ಕೂಲಿ ಗಿರಣಿಯದು.

ಆದರೆ ಈರುಳ್ಳಿ ನಿರೀಕ್ಷಿಸಿದಷ್ಟು ಬರಲಿಲ್ಲ. ಕಿರಣಗಳು ಮೊಳಕೆಯನ್ನು ತಡೆಯುತ್ತವೆಯೇ ಹೊರತು ಕೊಳೆಯುವುದನ್ನಾಗಲಿ, ಒಣಗಿ ತೂಕ ಇಳಿಯುವುದನ್ನಾಗಲಿ ತಡೆಯಲಾರವು; ಅದಕ್ಕೆ ಶೀತಲಗೃಹವೂ ಬೇಕು. ನಾಳೆಯ ಧಾರಣೆಯನ್ನೇ ಅರಿಯದ ರೈತನು ಇಂದೇ ಕೂಲಿ ಏಕೆ ತೆತ್ತಾನು? ಇತ್ತ ಕೋಬಾಲ್ಟ್ ಮಾತ್ರ ಯಾರಿಗೂ ಕಾಯುವುದಿಲ್ಲ. ಗಿರಾಕಿ ಬರಲಿ, ಬಿಡಲಿ, ಪ್ರತಿ ವರ್ಷ ಅದರ ಬಲ ಶೇಕಡಾ 12ರಷ್ಟು ಕುಗ್ಗುತ್ತದೆ. ಸುಮಾರು ಐದೂಕಾಲು ವರ್ಷಗಳಲ್ಲಿ ಅರ್ಧವಾಗುತ್ತದೆ. ರಾತ್ರಿ ಹಗಲೆನ್ನದೆ ಬೆಳೆಯುವ ಬಡ್ಡಿಯನ್ನು ಬಲ್ಲ ನಮ್ಮಂಥವರಿಗೆ ಇದರ ಸಂಕಟವನ್ನು ವಿವರಿಸಬೇಕಾಗಿಲ್ಲ.

ಹೊಸ ಗಿರಾಕಿ ದೊರೆತುದು ಅನಿರೀಕ್ಷಿತ ದಿಕ್ಕಿನಿಂದ. ಹಣ್ಣುನೊಣ, ಓಟೆಹುಳುಗಳ ಭಯದಿಂದ ಅಮೆರಿಕವು ಭಾರತದ ಮಾವನ್ನು ಬಹುಕಾಲ ಒಳಗೆ ಬಿಟ್ಟಿರಲಿಲ್ಲ. ಕನಿಷ್ಠ 400 ಗ್ರೇ ಪ್ರಮಾಣದ ಕಿರಣ ಚಿಕಿತ್ಸೆ ಕಡ್ಡಾಯವೆಂಬ ನಿಯಮದೊಡನೆ 2007ರಲ್ಲಿ ಬಾಗಿಲು ತೆರೆಯಿತು. ಅಲ್ಲಿನ ಕೃಷಿ ಇಲಾಖೆಯ ಒಪ್ಪಿಗೆ ಕೃಷಕ್‌ಗೆ ದೊರೆಯಿತು. ರತ್ನಾಗಿರಿಯ ಆಪೂಸು ಘಟ್ಟವೇರಿ ಈರುಳ್ಳಿಯ ಊರಿಗೆ ಹೋಗಿ, ಮತ್ತೆ ಮುಂಬಯಿಯ ವಿಮಾನ ನಿಲ್ದಾಣಕ್ಕೆ ಇಳಿಯತೊಡಗಿತು. ರೈತನಿಗೆ ಈ ಸೇವೆ ಬೇಕಾದರೆ ಉಂಟು, ಬೇಡವಾದರೆ ಇಲ್ಲ. ರಫ್ತುದಾರನಿಗೋ ಅದಿಲ್ಲದೆ ಗತ್ಯಂತರವಿರಲಿಲ್ಲ.

ಇದು ಆರೋಗ್ಯದ ಲೇಖನಗಳ ಸಂಚಿಕೆಯಾದುದರಿಂದ ಒಂದು ಶಂಕೆಯನ್ನೂ ನಿವಾರಿಸಬೇಕು. ನನ್ನ ಶ್ರೀಮತಿಯೇ ಕೇಳಿದ್ದಳು: "ಅಂಥ ಹಣ್ಣನ್ನು ಮಕ್ಕಳಿಗೆ ಕೊಡಬಹುದೇ?" ಎಕ್ಸ್-ರೇ ತೆಗೆಸಿಕೊಂಡ ರೋಗಿಯು ಹೇಗೆ ಕಿರಣ ಸೂಸುವವನಾಗುವುದಿಲ್ಲವೋ ಹಾಗೆಯೇ ಹಣ್ಣೂ ವಿಕಿರಣಶೀಲವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ಅಂತರರಾಷ್ಟ್ರೀಯ ತಜ್ಞರ ಸಮಿತಿಯು 1980ರಲ್ಲಿ, ಸರಾಸರಿ 10,000 ಗ್ರೇವರೆಗಿನ ಚಿಕಿತ್ಸೆಯಿಂದ ಆಹಾರದಲ್ಲಿ ವಿಷದೋಷವಿಲ್ಲವೆಂದು ಅಭಿಪ್ರಾಯಪಟ್ಟಿತು. ಈರುಳ್ಳಿಗೆ ಬೇಕಾದುದು ನೂರು ಗ್ರೇಗಿಂತಲೂ ಕಡಿಮೆ. ಕೆಲವು ಜೀವಸತ್ತ್ವಗಳು ತುಸು ಕುಂದಬಹುದು. ಒಲೆಯ ಮೇಲೂ ಅವು ಕುಂದುತ್ತವೆ. ಹಣ್ಣನ್ನು ತೊಳೆದೇ ತಿನ್ನಬೇಕೆಂಬುದು ಮಾತ್ರ ತಪ್ಪದು.

ಇನ್ನು ನಮ್ಮ ಮಿತ್ರರು. ಅವರು ಅಷ್ಟು ಕಾಲ ವಸತಿ ಸಂಕೀರ್ಣಗಳಲ್ಲಿ ಕರಪತ್ರ ಹಂಚುತ್ತಿದ್ದರು. "ಜಿರಲೆ ಕಂಡಾಗ ಕರೆಯುವವರನ್ನು ಬಿಡಿ, ಜಿರಲೆ ಇರಲೇಕೂಡದೆಂದು ಕಾನೂನಿಗೆ ಕಟ್ಟುಬಿದ್ದವರು ಯಾರು, ನೋಡಿ" ಎಂದೆ. ಆಹಾರ ಸುರಕ್ಷತೆಯ 2011ರ ನಿಯಮಾವಳಿಯ ನಾಲ್ಕನೆಯ ಅನುಸೂಚಿಯು ಪರವಾನಗಿ ಪಡೆದ ಆಹಾರೋದ್ಯಮಗಳಿಗೆ ಕೀಟ ನಿಯಂತ್ರಣವನ್ನು ವಿಧಿಸುತ್ತದೆ. ಮಿತ್ರರು ಮೊದಲು ಹೋದುದು ನಮ್ಮವರದೇ ಒಂದು ಉಡುಪಿ ಹೋಟೆಲಿಗೆ. ಮಾಲೀಕರು ದರ ಕೇಳಿ ತಲೆಯಾಡಿಸಿದರು. ಆದರೆ ಯಾವ ದಿನ, ಎಲ್ಲಿ, ಯಾವ ಔಷಧ ಎಂಬುದನ್ನು ಬರೆದಿಟ್ಟು, ತನಿಖೆಯವರು ಬಂದಾಗ ತೋರಿಸಬಹುದಾದ ಒಂದು ದಾಖಲೆ ಪುಸ್ತಕವನ್ನು ಮುಂದಿಟ್ಟಾಗ, "ಇದನ್ನು ಮೊದಲೇ ಹೇಳಬಾರದಿತ್ತೇ?" ಎಂದು ವಾರ್ಷಿಕ ಕರಾರಿಗೆ ಸಹಿ ಹಾಕಿದರು. ಆ ಮಾಲೀಕರೇ ಚಕ್ಕುಲಿ, ಹಪ್ಪಳ ತಯಾರಿಸುವ ಇನ್ನಿಬ್ಬರನ್ನು ಪರಿಚಯಿಸಿದರು.

ಖಾತೆ ಈಗ ಕ್ರಮಬದ್ಧವಾಗಿದೆ. ಕಳೆದ ತಿಂಗಳ ಕಂತು ಎರಡು ದಿನ ಮುಂಚಿತವಾಗಿಯೇ ಬಂದಿತು. ಹಳೆಯ ಕರಪತ್ರಗಳ ಕಟ್ಟೊಂದು ಮಾತ್ರ ಇನ್ನೂ ಅವರ ಗೋದಾಮಿನಲ್ಲಿ ಬಿದ್ದಿದೆ.