ಪ್ರೊಸೆಸರಿನ ಕಾವು: ಯಾವುದು ಸಹಜ, ಯಾವುದು ದೋಷ?

ಅಣ್ಣಾ ಸಾಲೈಗೆ ಹೊಂದಿಕೊಂಡಿರುವ ರಿಚ್ಚಿ ಸ್ಟ್ರೀಟಿನಲ್ಲಿ ಬಿಡಿಭಾಗಗಳನ್ನು ಆರಿಸಿ ತಂದು, ಆಟಗಳಿಗೆಂದೇ ಕಂಪ್ಯೂಟರನ್ನು ಕೈಯಾರೆ ಜೋಡಿಸುವ ಹವ್ಯಾಸ ಚೆನ್ನೈಯ ಕನ್ನಡ ತರುಣರಿಗೂ ಹೊಸದಲ್ಲ. ಮಧ್ಯಮ ವರ್ಗದ ಸಂಸಾರಕ್ಕೆ ಇದು ಅಲ್ಪ ವೆಚ್ಚದ ಮಾತಲ್ಲ. ಆದುದರಿಂದ ಹೊಸ ಯಂತ್ರದ ಪ್ರೊಸೆಸರು ಆಟದ ನಡುವೆ 78 ಡಿಗ್ರಿ ಸೆಂಟಿಗ್ರೇಡ್ ತೋರಿಸಿದೊಡನೆ ಮನೆಮಂದಿ ಕಳವಳಪಡುವುದುಂಟು. ಬೆಂಗಳೂರಿನಲ್ಲಿರುವ ಸೋದರಮಾವನ ಮಗನ ಯಂತ್ರ, ಅವೇ ಬಿಡಿಭಾಗಗಳದ್ದು, 68 ಡಿಗ್ರಿಯಲ್ಲಿಯೇ ನಿಂತಿದೆ ಎಂದು ತಿಳಿದ ಮೇಲಂತೂ ಕಳವಳ ಇಮ್ಮಡಿಸುತ್ತದೆ. ಬೆಲೆಬಾಳುವ ನೀರಿನ ಕೂಲರಿಗೆ ಮತ್ತೆ ಹಣ ಸುರಿಯುವ ಮುನ್ನ ಈ ಕಳವಳದಲ್ಲಿ ಹುರುಳೆಷ್ಟು ಎಂಬುದನ್ನು ವಿಚಾರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕೋಣೆಯ ಲೆಕ್ಕ

ಯಾವ ಸಾಮಾನ್ಯ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ನೀರಿನ ಕೂಲರಿಗೂ ಇದೇ ನಿಯಮ. ಅದರೊಳಗಿನ ನೀರು ತಣಿಯುವುದೂ ಕೋಣೆಯ ಗಾಳಿಯಿಂದಲೇ. ಮೇ ತಿಂಗಳ ರಾತ್ರಿಯಲ್ಲಿ ಬೆಂಗಳೂರಿನ ಕನಿಷ್ಠ ಉಷ್ಣತೆ ಸರಾಸರಿ 22 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಚೆನ್ನೈಯದು 28ರ ಸಮೀಪ. ಹಗಲೆಲ್ಲ ಬಿಸಿಲುಂಡ ತಾರಸಿಯ ಕೆಳಗಿನ ಕೋಣೆ ಇನ್ನೂ ಬಿಸಿ. ಬೆಂಗಳೂರಿನ ಕೋಣೆ 25 ಡಿಗ್ರಿ, ಇಲ್ಲಿಯದು 35 ಎಂದಿಟ್ಟುಕೊಳ್ಳೋಣ. 68ರಲ್ಲಿ 25 ಕಳೆದರೆ 43. 78ರಲ್ಲಿ 35 ಕಳೆದರೂ 43. ಎರಡು ಯಂತ್ರಗಳೂ ಸಮಾನವಾಗಿಯೇ ದುಡಿಯುತ್ತಿವೆ. ಭೇದವಿರುವುದು ಊರಿನ ಹವೆಯಲ್ಲಿ. ಅಂಕಿಯನ್ನು ಹೋಲಿಸುವ ಮೊದಲು ಕೋಣೆಯ ಉಷ್ಣತೆಯನ್ನು ಕಳೆಯಬೇಕೆಂಬುದೇ ಮೊದಲ ಪಾಠ.

ತಯಾರಕರ ಮಿತಿ

ಎರಡನೆಯದಾಗಿ, ಪ್ರತಿಯೊಂದು ಪ್ರೊಸೆಸರಿಗೂ ತಯಾರಕರು ಗರಿಷ್ಠ ಮಿತಿಯನ್ನು ಗೊತ್ತುಮಾಡಿದ್ದಾರೆ. ಇಂಟೆಲ್‌ನ ಕೋರ್ ಐ5-12400ಕ್ಕೆ ಅದು 100 ಡಿಗ್ರಿ. ಎಎಂಡಿಯ ರೈಜ಼ನ್ 5 7600ಎಕ್ಸ್‌ಗೆ 95, ರೈಜ಼ನ್ 7 7800ಎಕ್ಸ್3ಡಿಗೆ 89. ಮಿತಿ ಮುಟ್ಟಿದ ಪ್ರೊಸೆಸರು ಒಡನೆಯೇ ಸುಟ್ಟುಹೋಗುವುದಿಲ್ಲ. ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಯಂತ್ರವೇ ಆರುತ್ತದೆ. 2022ರಲ್ಲಿ ಬಂದ ರೈಜ಼ನ್ 7000 ಶ್ರೇಣಿಯ ಎಕ್ಸ್ ಮಾದರಿಗಳಂತೂ ಭಾರವಾದ ಕೆಲಸದಲ್ಲಿ 95ನ್ನು ಮುಟ್ಟುವಂತೆಯೇ ರಚಿತವಾಗಿವೆ. ಆಟದ ವೇಳೆ 60ರಿಂದ 80ರವರೆಗಿನ ಅಂಕಿಗೆ ಅಂಜಬೇಕಾಗಿಲ್ಲ. ಚೆನ್ನೈಯ ಬೇಸಿಗೆಯಲ್ಲಿ, ಕೆಲಸವಿಲ್ಲದಾಗ 45 ಅಥವಾ 50 ತೋರಿದರೂ ಸಹಜವೇ.

ದೋಷದ ಗುರುತು

ಹಾಗೆಂದು ಎಲ್ಲವನ್ನೂ ಹವೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಸುಮ್ಮನಿರುವಾಗಲೂ ಪ್ರೊಸೆಸರು 65 ದಾಟಿ ನಿಂತಿದ್ದರೆ, ಇಲ್ಲವೆ ಸಾಧಾರಣ ಆಟ ಆರಂಭವಾದ ಕೆಲವೇ ಕ್ಷಣಗಳಲ್ಲಿ ಮಿತಿಗೆ ಜಿಗಿದರೆ, ಜೋಡಣೆಯನ್ನು ಶಂಕಿಸಬೇಕು. ಕೂಲರಿನ ತಳಕ್ಕೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆಯುವುದು, ಪೇಸ್ಟ್ ಹಚ್ಚದಿರುವುದು, ತಿರುಪುಗಳು ಒಂದೆಡೆ ಬಿಗಿದು ಇನ್ನೊಂದೆಡೆ ಸಡಿಲವಾಗುವುದು, ಫ್ಯಾನಿನ ತಂತಿ ಸಿಕ್ಕಿಸದಿರುವುದು ಇವೇ ಸಾಮಾನ್ಯ ಕಾರಣಗಳು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ತೆಗೆದಿಟ್ಟಾಗ ಕಾವು ಗಣನೀಯವಾಗಿ ಇಳಿದರೆ, ದೋಷವಿರುವುದು ಪ್ರೊಸೆಸರಿನಲ್ಲಲ್ಲ, ಗಾಳಿಯ ಸಂಚಾರದಲ್ಲಿ. ಗೋಡೆಗೆ ಒತ್ತಿಟ್ಟ ಇಲ್ಲವೆ ಮೇಜಿನ ಗೂಡಿನೊಳಗೆ ತುರುಕಿದ ಯಂತ್ರಕ್ಕೆ ಎಂತಹ ಕೂಲರಿದ್ದರೂ ಫಲವಿಲ್ಲ.

ಕಾವಿನ ಅಂಕಿಯೊಂದೇ ಆರೋಗ್ಯದ ಪ್ರಮಾಣವೂ ಅಲ್ಲ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ಅಧಿಕ ವೋಲ್ಟೇಜಿನಿಂದ ಹದಗೆಡುತ್ತಿದ್ದುದು 2024ರಲ್ಲಿ ಖಚಿತವಾಗಿ, ಸಂಸ್ಥೆಯು ತಿದ್ದುಪಡಿಯನ್ನು ಹೊರಡಿಸಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅಂತಹವುಗಳನ್ನು ಉಳ್ಳವರು ಮದರ್‌ಬೋರ್ಡಿನ ಬಯಾಸನ್ನು ತಪ್ಪದೆ ಹೊಸದಾಗಿಸಬೇಕು.

ಯಂತ್ರ ಮನೆಗೆ ಬಂದ ಮೊದಲ ವಾರದಲ್ಲಿಯೇ ಅರ್ಧ ಗಂಟೆ ಆಟ ನಡೆಸಿ, ಪ್ರೊಸೆಸರಿನ ಕಾವನ್ನೂ ಕೋಣೆಯ ಕಾವನ್ನೂ ಜತೆಯಾಗಿ ಬರೆದಿಡುವುದು ಲೇಸು. ದೋಷ ಕಂಡರೆ ಅಂಗಡಿಯವರೊಡನೆ ಮಾತನಾಡಲು ಅದು ಆಧಾರವಾಗುತ್ತದೆ. ಆರು ತಿಂಗಳ ತರುವಾಯ, ಕೋಣೆಯ ಲೆಕ್ಕ ಕಳೆದ ಮೇಲೂ ಅಂಕಿ ಏರಿದ್ದರೆ, ಹೊಸ ಕೂಲರಿಗಿಂತ ಮೊದಲು ಧೂಳು ಒರೆಸುವ ಕುಂಚವನ್ನು ಕೈಗೆತ್ತಿಕೊಳ್ಳಬೇಕೆಂಬುದೇ ನಮ್ಮ ಸಲಹೆ.